ಪ್ರಶ್ನೆಗಳ ಎದುರಿನಲ್ಲಿ

ಮುಂಬಯಿಯ ಉಪನಗರಗಳಲ್ಲಿ ಪವಾಯಿಯಷ್ಟು ಸಲ ತನ್ನ ಸ್ವರೂಪವನ್ನು ಬದಲಿಸಿಕೊಂಡ ಸ್ಥಳಗಳು ಹೆಚ್ಚಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಫ್ರಾಮ್‌ಜಿ ಕಾವಸ್‌ಜಿ ಎಂಬ ಪಾರಸಿ ವರ್ತಕನು ಈಸ್ಟ್ ಇಂಡಿಯಾ ಕಂಪೆನಿಯಿಂದ ಪಡೆದು, ಕಬ್ಬು, ನೀಲಿ, ಹಿಪ್ಪುನೇರಳೆ ಮೊದಲಾದ ಬೆಳೆಗಳನ್ನು ಪ್ರಯೋಗಿಸಿ ನೋಡಿದ ವಿಸ್ತಾರವಾದ ಭೂಮಿಯಾಗಿತ್ತು. 1891ರಲ್ಲಿ ಕಣಿವೆಗೆ ಅಡ್ಡಗಟ್ಟೆ ಬಿದ್ದು ನಗರಕ್ಕೆ ನೀರೊದಗಿಸಬೇಕಾದ ಸರೋವರವಾಯಿತು. ಆ ನೀರು ಪಾನಯೋಗ್ಯವಲ್ಲವೆಂದು ತಿಳಿದುಬಂದ ಬಳಿಕ ಮೀನು ಹಿಡಿಯುವವರಿಗೂ ಮೊಸಳೆಗಳಿಗೂ ಬಿಟ್ಟ ಏಕಾಂತ ತಾಣವಾಯಿತು. ಸ್ವಾತಂತ್ರ್ಯಾನಂತರ ದೊಡ್ಡ ಕಾರ್ಖಾನೆಗಳಿಗೆ ನೆಲೆಯಾಗಿ, ಇಂದು ಆಕಾಶಕ್ಕೆ ಏರಿದ ಸೌಧಗಳ ಶ್ರೀಮಂತ ನಗರವಾಗಿ ನಿಂತಿರುವುದು. ಈ ಎಲ್ಲ ರೂಪಾಂತರಗಳ ನಡುವೆ ಅದಕ್ಕೆ ದೇಶವ್ಯಾಪಿಯಾದ ಕೀರ್ತಿಯನ್ನು ತಂದದ್ದು ಮಾತ್ರ ಒಂದು ವಿದ್ಯಾಸಂಸ್ಥೆ. 1958ರಲ್ಲಿ ವರಳಿಯ ಒಂದು ಎರವಲು ಕಟ್ಟಡದಲ್ಲಿ ನೂರು ಮಂದಿ ವಿದ್ಯಾರ್ಥಿಗಳೊಡನೆ ಆರಂಭವಾದ ಐಐಟಿಗೆ, 1959ರ ಮಾರ್ಚ್ 10ರಂದು ಜವಾಹರಲಾಲ ನೆಹರು ಅವರು ಪವಾಯಿಯ ಸರೋವರದ ದಡದಲ್ಲಿ ಶಿಲಾನ್ಯಾಸ ಮಾಡಿದರು.

ಈ ಸಂಸ್ಥೆಯ ಯೋಜನೆಯನ್ನು ಸಿದ್ಧಪಡಿಸಿದ ಅಧಿಕಾರಿಯು ಪುರುಷೋತ್ತಮ ಕಾಶೀನಾಥ ಕೇಳ್ಕರರು. ಅವರು 1909ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಓದಿದವರು. ಕಾನ್ಪುರದ ಐಐಟಿಯನ್ನು ಕಟ್ಟಿ ನಿಲ್ಲಿಸಿ, 1970ರಿಂದ 1974ರ ವರೆಗೆ ಪವಾಯಿಯ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಆ ಅಧಿಕಾರಾವಧಿಯಲ್ಲಿ ಪವಾಯಿಯ ತರಗತಿಗಳಲ್ಲಿ ಇಬ್ಬರು ತರುಣರು ಕುಳಿತಿದ್ದರು. ಒಬ್ಬರು ಚಿಕ್ಕಮಗಳೂರಿನಲ್ಲಿ ಜನಿಸಿ, ಅದೇ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಸಿ. ಕೆ. ರಮೇಶರ ಪುತ್ರರಾಗಿ ಬೆಳೆದ ಜೈರಾಮ್ ರಮೇಶ್. ಇನ್ನೊಬ್ಬರು ಬೆಂಗಳೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಶಾಲಾಶಿಕ್ಷಣವನ್ನು ಮುಗಿಸಿ ಬಂದ ನಂದನ್ ನೀಲೇಕಣಿ. ಮುಂದೆ ಈ ಇಬ್ಬರೂ ದೇಶದ ಪತ್ರಕರ್ತರ ಮುಂದೆ ಕುಳಿತು ಪ್ರಬಲವಾದ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಸ್ಥಾನಗಳನ್ನು ಏರಿದರು. ಏರಿದವರು ಕೆಲವೊಮ್ಮೆ ಗೆದ್ದರು, ಕೆಲವೊಮ್ಮೆ ತಮ್ಮದೇ ಮಾತಿನಿಂದ ತೊಂದರೆಗೊಳಗಾದರು. ಮುಂಬಯಿಯನ್ನೂ ಕನ್ನಡ ನಾಡನ್ನೂ ಬಳಸಿ ಬಂದಿರುವ ಈ ಪ್ರಶ್ನೋತ್ತರದ ಪದ್ಧತಿಯ ಚರಿತ್ರೆಯನ್ನು ಪರಿಶೀಲಿಸಿದರೆ, ಉತ್ತರಿಸುವವನನ್ನು ಕೆಡಹಿದ್ದು ಬಹುಮಟ್ಟಿಗೆ ಪ್ರಶ್ನೆಯ ಕಾಠಿಣ್ಯವಲ್ಲವೆಂದೂ, ತನಗೆ ಅಧಿಕಾರವಿಲ್ಲದ ವಿಷಯದಲ್ಲಿ, ಪರರ ಪರವಾಗಿ, ಆತನು ಉತ್ತರವನ್ನು ಕೊಟ್ಟುಬಿಟ್ಟದ್ದೇ ಎಂದೂ ನನಗೆ ಮನವರಿಕೆಯಾಗಿರುವುದು.

ಪತ್ರಿಕೆಯವನು ಹೆಸರಾಂತ ವ್ಯಕ್ತಿಯನ್ನು ಕಂಡು ಪ್ರಶ್ನಿಸಿ, ಪ್ರಶ್ನೆಯನ್ನೂ ಉತ್ತರವನ್ನೂ ಅಚ್ಚು ಹಾಕುವ ಸಂಪ್ರದಾಯವು ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಅದನ್ನು ರೂಢಿಗೆ ತಂದವರಲ್ಲಿ ಪ್ರಮುಖನಾದ ಡಬ್ಲ್ಯು. ಟಿ. ಸ್ಟೆಡ್ ಎಂಬ ಸಂಪಾದಕನು 1884ರ ಜನವರಿಯಲ್ಲಿ ಸೇನಾನಿ ಗಾರ್ಡನ್‌ನನ್ನು ಸೌತಾಂಪ್ಟನ್ ನಗರದಲ್ಲಿ ಕಂಡು, ಸುಡಾನಿನ ದಂಗೆಯ ವಿಷಯವಾಗಿ ಅವನ ಅಭಿಪ್ರಾಯವನ್ನು ಕೇಳಿ ಪ್ರಕಟಿಸಿದನು. ಆ ಬರಹವು ಹೊರಬಿದ್ದೊಡನೆಯೇ ಗಾರ್ಡನ್‌ನನ್ನೇ ಸುಡಾನಿಗೆ ಕಳುಹಬೇಕೆಂಬ ಕೂಗೆದ್ದಿತು, ಸರಕಾರವು ಕಳುಹಿತು, ಒಂದು ವರ್ಷ ಕಳೆಯುವಷ್ಟರಲ್ಲಿ, 1885ರ ಜನವರಿ 26ರಂದು, ಮುತ್ತಿಗೆಗೆ ಒಳಗಾದ ಖಾರ್ಟೂಮಿನಲ್ಲಿ ಅವನು ಹತನಾದನು. ಸಂದರ್ಶನವೆಂಬುದು ಕೇವಲ ವಾರ್ತೆಯನ್ನು ತಿಳಿಸುವ ಸಾಧನವಲ್ಲ, ಉತ್ತರ ಕೊಟ್ಟವನ ಜೀವಿತವನ್ನೇ ತಿರುಗಿಸಬಲ್ಲ ಶಕ್ತಿಯೆಂಬುದು ಅದರ ಶೈಶವದಲ್ಲಿಯೇ ಹೀಗೆ ವ್ಯಕ್ತವಾಯಿತು.

ಆದರೆ ಪ್ರಶ್ನಿಸುವ ಕಲೆಯು ನಮಗೆ ಪತ್ರಿಕೆಗಳೊಡನೆ ಬಂದದ್ದೆಂದು ಭಾವಿಸಿದರೆ ನಮ್ಮ ಸಾಹಿತ್ಯಕ್ಕೆ ಅನ್ಯಾಯವಾದೀತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ, ಕಲ್ಯಾಣದ ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ಪ್ರಶ್ನಿಸುವ ಪ್ರಸಂಗಕ್ಕಿಂತ ನಿಷ್ಠುರವಾದ ಸಂದರ್ಶನವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಎಳೆಯ ಪ್ರಾಯದ, ಮನೆ ತೊರೆದು ಒಬ್ಬಳೇ ಬಂದ ಹೆಣ್ಣಿನೊಡನೆ, ನಿನ್ನ ಪತಿಯಾರು, ಉಟ್ಟುದನ್ನು ತೊರೆದವಳು ಕೂದಲಿನಿಂದ ಮರೆಮಾಡಿಕೊಂಡುದೇಕೆ ಎಂಬ ಅರ್ಥದ ಪ್ರಶ್ನೆಗಳನ್ನು ತುಂಬಿದ ಸಭೆಯಲ್ಲಿ ಆತನು ಕೇಳುವನು. ದಯೆಯಿಂದ ಒಂದನ್ನೂ ಮೃದುಗೊಳಿಸುವುದಿಲ್ಲ. ಅವಳು ಕುಪಿತಳಾಗಲಿಲ್ಲ, ಪ್ರಶ್ನೆಯನ್ನು ಬೇರೆಡೆಗೆ ತಿರುಗಿಸಲಿಲ್ಲ, ಸಭೆಯ ಅನುಕಂಪವನ್ನು ಯಾಚಿಸಲಿಲ್ಲ. ತಾನು ಕಂಡುದನ್ನು, ತನ್ನ ಅನುಭವದ ಎಲ್ಲೆಯೊಳಗೆ ನಿಂತು ಹೇಳಿದಳು. ಆ ಎಲ್ಲೆಯ ಹೊರಗಿನದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಅಂತ್ಯದಲ್ಲಿ ಪ್ರಶ್ನಿಸಿದವನೇ ಅವಳ ಹಿರಿಮೆಯನ್ನು ಒಪ್ಪಿ ನಮಿಸಬೇಕಾಯಿತು. ಮುಂದೆ ಹೇಳಲಿರುವ ಆಧುನಿಕ ಪ್ರಸಂಗಗಳನ್ನು ಅಳೆಯುವುದಕ್ಕೆ ನಾನು ಈ ಪ್ರಸಂಗವನ್ನೇ ಅಳತೆಗೋಲಾಗಿ ಇರಿಸಿಕೊಂಡಿರುವೆನು.

ಸ್ವಾತಂತ್ರ್ಯಾನಂತರದ ಮುಂಬಯಿಯಲ್ಲಿ ಪ್ರಶ್ನೆಗೆ ಕೊಟ್ಟ ಒಂದೇ ಒಂದು ಉತ್ತರದಿಂದ ತನ್ನ ಸಾಮ್ರಾಜ್ಯವನ್ನು ಕಳೆದುಕೊಂಡವರ ಕಥೆ ಎಸ್. ಕೆ. ಪಾಟೀಲರದು. ಮೂರು ಸಲ ನಗರದ ಮೇಯರ್ ಆಗಿದ್ದವರು, ದಕ್ಷಿಣ ಮುಂಬಯಿಯಿಂದ 1952, 1957, 1962ರ ಮೂರೂ ಚುನಾವಣೆಗಳಲ್ಲಿ ಲೋಕಸಭೆಗೆ ಆರಿಸಿಬಂದವರು, ಕೇಂದ್ರದಲ್ಲಿ ರೈಲ್ವೆ ಸಚಿವರಾದವರು. ಮುಂಬಯಿಯ ಮುಕುಟವಿಲ್ಲದ ದೊರೆಯೆಂದು ಜನರೂ ಪತ್ರಿಕೆಗಳೂ ಅವರನ್ನು ಕರೆಯುತ್ತಿದ್ದರು. ಅವರ ವಿರುದ್ಧ 1967ರಲ್ಲಿ ಸ್ಪರ್ಧಿಸಿದವನು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1930ರ ಜೂನ್ 3ರಂದು ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಮಠಕ್ಕೆ ಹೋಗಿ, ಅದನ್ನು ಬಿಟ್ಟುಬಂದು, 1949ರಲ್ಲಿ ಕೊಂಕಣಿಯಲ್ಲಿ ಒಂದು ಮಾಸಪತ್ರಿಕೆಯನ್ನೂ ಕನ್ನಡದಲ್ಲಿ ‘ರೈತವಾಣಿ’ ಎಂಬ ವಾರಪತ್ರಿಕೆಯನ್ನೂ ಸಂಪಾದಿಸಿ, ಕೆಲಸವನ್ನರಸುತ್ತ ಮುಂಬಯಿಗೆ ಬಂದು ಚೌಪಾಟಿಯ ಬೆಂಚುಗಳ ಮೇಲೆ ರಾತ್ರಿ ಕಳೆದ ತರುಣನು, ಕರಾವಳಿಯವರೇ ಆದ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಯಲ್ಲಿ ಬಂದರಿನ ಕಾರ್ಮಿಕ ಚಳವಳಿಯನ್ನು ಕಲಿತು, ಟ್ಯಾಕ್ಸಿ ಚಾಲಕರಿಗೂ ನಗರಸಭೆಯ ನೌಕರರಿಗೂ ನಾಯಕನಾಗಿದ್ದನು. ಕರಾವಳಿಯ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಅವರ ಭಾಷೆಯಲ್ಲಿಯೇ ಮಾತನಾಡಬಲ್ಲ ನಾಯಕನೊಬ್ಬನಿದ್ದನೆಂಬುದು ಆ ಕಾಲದ ಮುಂಬಯಿ ಕನ್ನಡಿಗರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಪಾಟೀಲರು ಈ ಸ್ಪರ್ಧೆಯನ್ನು ಲಘುವಾಗಿ ಎಣಿಸಿದರು. ಪತ್ರಕರ್ತರು ಅವರೊಡನೆ ಮಾತನಾಡುತ್ತ, ತಾವು ಸೋಲುವ ಸಂಭವವೇ ಇಲ್ಲವೇ ಎಂದು ಕೆಣಕಿ ಕೇಳಲಾಗಿ, ದೇವರೇ ಬಂದರೂ ತನ್ನನ್ನು ಸೋಲಿಸಲಾರನೆಂದು ಅವರು ಉತ್ತರಿಸಿದರೆಂಬುದು ಮುಂಬಯಿಯ ರಾಜಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಪ್ರಶ್ನೆಯಲ್ಲಿ ಕಾಠಿಣ್ಯವೇನೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಚುನಾವಣೆಗೆ ನಿಂತ ಯಾವ ಅಭ್ಯರ್ಥಿಗಾದರೂ ಕೇಳಬಹುದಾದ ಸಾಮಾನ್ಯ ಪ್ರಶ್ನೆ ಅದು, ಮತದಾರರ ತೀರ್ಪನ್ನು ನಿರೀಕ್ಷಿಸುತ್ತೇನೆಂಬ ನಾಲ್ಕು ಮಾತುಗಳಿಂದ ಮುಗಿಯಬಹುದಾಗಿದ್ದುದು. ಆದರೆ ಪಾಟೀಲರು ಮತದಾರರ ಪರವಾಗಿ ತಾವೇ ತೀರ್ಪು ಹೇಳಿದರು, ಸಾಲದೆಂಬಂತೆ ದೇವರ ಪರವಾಗಿಯೂ ಹೇಳಿದರು. ಜಾರ್ಜ್ ಅವರ ಬಳಗಕ್ಕೆ ಬೇರೆ ಪ್ರಣಾಳಿಕೆಯೇ ಬೇಕಾಗಲಿಲ್ಲ. ದೇವರು ಸೋಲಿಸಲಾರನೆಂದು ಪಾಟೀಲರು ಹೇಳುತ್ತಾರೆ, ಆದರೆ ನೀವು ಸೋಲಿಸಬಲ್ಲಿರಿ ಎಂಬ ಅರ್ಥದ ಭಿತ್ತಿಪತ್ರಗಳು ನಗರದ ಗೋಡೆಗಳನ್ನೆಲ್ಲ ತುಂಬಿದವು. ಮತ ಎಣಿಕೆಯಾದಾಗ ಪಾಟೀಲರು ಸೋತಿದ್ದರು. ದೈತ್ಯಸಂಹಾರಿಯೆಂಬ ಅರ್ಥದ ಬಿರುದು ಮಂಗಳೂರಿನವನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಇದು ಪಾಟೀಲರ ಮೊದಲ ಪ್ರಮಾದವಾಗಿರಲಿಲ್ಲ. ಭಾಷಾವಾರು ಪ್ರಾಂತಗಳ ಚಳವಳಿಯು ಉತ್ಕಟವಾಗಿದ್ದ 1955ರ ನವೆಂಬರಿನಲ್ಲಿ, ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಇನ್ನೂ ಮುಂಬಯಿ ಪ್ರಾಂತದಲ್ಲಿಯೇ ಇದ್ದು ಮೈಸೂರಿನೊಡನೆ ಸೇರುವ ದಿನವನ್ನು ಎದುರು ನೋಡುತ್ತಿದ್ದಾಗ, ಚೌಪಾಟಿಯ ಮರಳಿನ ಮೇಲೆ ನೆರೆದ ಜನಸಮೂಹದ ಮುಂದೆ ಅವರು, ಐದು ಸಾವಿರ ವರ್ಷಗಳಾದರೂ ಮುಂಬಯಿ ಮಹಾರಾಷ್ಟ್ರಕ್ಕೆ ದೊರೆಯದೆಂದು ಘೋಷಿಸಿದ್ದರು. ಅಂದಿನ ಮುಖ್ಯಮಂತ್ರಿ ಮೊರಾರ್ಜಿ ದೇಸಾಯರು ಅದೇ ವೇದಿಕೆಯಿಂದ ಅದೇ ರೀತಿಯ ಮಾತನ್ನಾಡಿದ್ದರು. ಸಭೆ ಕಲ್ಲೆಸೆತದಲ್ಲಿ ಮುಗಿಯಿತು. ಮರುದಿನ ನಗರದಲ್ಲಿ ಗೋಲೀಬಾರಾಗಿ ಜನರು ಪ್ರಾಣ ತೆತ್ತರು. ಚಳವಳಿಯಲ್ಲಿ ಒಟ್ಟು ನೂರಕ್ಕೂ ಮಿಕ್ಕ ಜನರು ಮಡಿದ ಬಳಿಕ, 1960ರ ಮೇ 1ರಂದು ಮುಂಬಯಿಯು ಮಹಾರಾಷ್ಟ್ರದ ರಾಜಧಾನಿಯಾಯಿತು. ಐದು ಸಾವಿರ ವರ್ಷಗಳ ಅವಧಿಯು ಐದು ವರ್ಷಗಳೊಳಗೇ ಮುಗಿದುಹೋಗಿತ್ತು. ಹನ್ನೆರಡು ವರ್ಷಗಳ ಅಂತರದಲ್ಲಿ ಒಬ್ಬರೇ ವ್ಯಕ್ತಿ ಕಾಲದ ಪರವಾಗಿಯೂ ದೈವದ ಪರವಾಗಿಯೂ ಮಾತನಾಡಿ ಎರಡು ಸಲವೂ ಸುಳ್ಳಾದರೆಂಬುದು ವಿಷಾದದ ಸಂಗತಿ. ಏಕೆಂದರೆ ನಗರಸಭೆಯನ್ನು ನಡೆಸಿದ ಅವರ ದಕ್ಷತೆಯನ್ನು ಇಂದು ಸ್ಮರಿಸುವವರಿಲ್ಲ, ಆ ಎರಡು ವಾಕ್ಯಗಳನ್ನು ಮಾತ್ರ ಎಲ್ಲರೂ ಬಲ್ಲರು.

ಅನ್ಯರ ಉತ್ತರದಿಂದ ಮೇಲೇರಿದ ಜಾರ್ಜ್ ಅವರಿಗೂ ಪ್ರಶ್ನೆಗಳ ಋಣ ತಪ್ಪಲಿಲ್ಲ. ಅವರು ಮಾತಿನಲ್ಲಿ ಅಸಾಮಾನ್ಯರು. ಹತ್ತು ಭಾಷೆಗಳ ಪರಿಚಯವಿದ್ದವರು. ಪತ್ರಿಕೆಯನ್ನು ತಾವೇ ನಡೆಸಿದ್ದರಿಂದ ಪತ್ರಕರ್ತರ ಮನಸ್ಸನ್ನು ಒಳಗಿನಿಂದ ತಿಳಿದವರು. ಆದರೂ 1979ರ ಜುಲೈಯಲ್ಲಿ ಮೊರಾರ್ಜಿ ಸರಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂದಾಗ ಲೋಕಸಭೆಯಲ್ಲಿ ಆ ಸರಕಾರವನ್ನು ಓಜಸ್ವಿಯಾಗಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದನ್ನು ತೊರೆದು ಬಂದದ್ದು ಏಕೆಂಬ ಪ್ರಶ್ನೆಯು ಅವರನ್ನು ಬದುಕಿನುದ್ದಕ್ಕೂ ಹಿಂಬಾಲಿಸಿತು. ತಾನು ಉಳಿಯದ ಪಕ್ಷದ ಪರವಾಗಿ ಉತ್ತರ ಹೇಳಿದ್ದರ ಫಲವದು. ರಕ್ಷಣಾ ಸಚಿವರಾಗಿದ್ದಾಗ, 2001ರ ಮಾರ್ಚಿನಲ್ಲಿ ತೆಹೆಲ್ಕಾ ಎಂಬ ಸುದ್ದಿಸಂಸ್ಥೆಯು ಗುಪ್ತ ಕ್ಯಾಮೆರಾದ ಚಿತ್ರಗಳನ್ನು ಹೊರಗೆಡಹಿದೊಡನೆ ಅವರು ರಾಜೀನಾಮೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಮರಳಿ ಸಚಿವರಾದಾಗ ಸಂಸತ್ತಿನ ವಿರೋಧ ಪಕ್ಷಗಳು ಅವರನ್ನು ಬಹಿಷ್ಕರಿಸಿದವು. ಸಭಾಗೃಹದಲ್ಲಿ ಅವರು ಎದ್ದು ನಿಂತಾಗ ಎದುರಿನ ಸಾಲುಗಳು ಅವರ ಮಾತನ್ನು ಕೇಳಲು ಒಪ್ಪುತ್ತಿರಲಿಲ್ಲ. ಜೀವನವಿಡೀ ಪ್ರಶ್ನೋತ್ತರದ ಕಾವಿನಲ್ಲಿ ಬೆಳೆದ ಮನುಷ್ಯನಿಗೆ, ಪ್ರಶ್ನಿಸಲು ಒಪ್ಪದ ಎದುರಾಳಿಗಿಂತ ದೊಡ್ಡ ಶಿಕ್ಷೆ ಇರಲಾರದೆಂದು ನನಗೆ ತೋರುವುದು.

ಮುಂಬಯಿಯ ಕನ್ನಡ ಬರಹಗಾರರು ಈ ವಿಷಯವನ್ನು ಇನ್ನೊಂದು ದಿಕ್ಕಿನಿಂದ ಕಂಡಿದ್ದಾರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬಾಂದ್ರಾದ ಸಮುದ್ರತೀರದಲ್ಲಿ ನೆಲೆಸಿದ್ದ, ರಾಸಾಯನಿಕ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’ ಕಾದಂಬರಿಯ ನಾಯಕ ನಾಗನಾಥನು ತನ್ನ ಕಂಪೆನಿಯಿಂದ ಅಮಾನತುಗೊಂಡವನು. ತನ್ನ ಮೇಲಿನ ಆರೋಪವೇನೆಂಬುದೇ ತಿಳಿಯದೆ ವಿಚಾರಣೆಯನ್ನು ನಿರೀಕ್ಷಿಸುತ್ತ ನವೆಯುವವನು. ಪತ್ರಿಕೆಯವರ ಪ್ರಶ್ನೆಯು ಎಷ್ಟೇ ಕಟುವಾಗಿದ್ದರೂ ಬಹಿರಂಗವಾದುದು, ಅದರ ಸಾಕ್ಷಿಗಳು ಸಹಸ್ರಾರು ಮಂದಿ. ನಾಗನಾಥನನ್ನು ಬೇಟೆಯಾಡುವ ಪ್ರಶ್ನೆಗಾದರೋ ಮುಖವಿಲ್ಲ. ಬಹಿರಂಗ ಪ್ರಶ್ನೆಯಿಂದ ನೊಂದೆನೆಂದು ದೂರುವ ಅಧಿಕಾರಸ್ಥರು ಈ ಕಾದಂಬರಿಯನ್ನು ಒಮ್ಮೆ ಓದುವುದು ಒಳ್ಳೆಯದು.

ಪವಾಯಿಯ ವಿದ್ಯಾರ್ಥಿಗಳೆಡೆಗೆ ಈಗ ಮರಳಬಹುದು. ನೀಲೇಕಣಿಯವರು 1978ರಲ್ಲಿ ಪದವಿ ಪಡೆದು, ಮುಂಬಯಿಯ ಪಟ್ನಿ ಸಂಸ್ಥೆಯಲ್ಲಿ ಎನ್. ಆರ್. ನಾರಾಯಣಮೂರ್ತಿಯವರ ಕೈಕೆಳಗೆ ಸೇರಿ, 1981ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದರು. 2004ರಲ್ಲಿ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಬೆಂಗಳೂರಿಗೆ ಬಂದು ಅವರನ್ನು ಸಂದರ್ಶಿಸಿದಾಗ, ಜಗತ್ತಿನ ಆಟದ ಅಂಗಣವು ಸಮತಟ್ಟಾಗುತ್ತಿದೆಯೆಂಬ ಅರ್ಥದಲ್ಲಿ ಅವರಾಡಿದ ಒಂದು ಮಾತು ಅತಿಥಿಯ ಮನಸ್ಸಿನಲ್ಲಿ ಬೇರೂರಿ, ಮರುವರ್ಷ ಲೋಕಪ್ರಸಿದ್ಧವಾದ ಒಂದು ಗ್ರಂಥದ ಶೀರ್ಷಿಕೆಯೂ ಸಿದ್ಧಾಂತವೂ ಆಯಿತು. ತಾವು ದಿನವೂ ಮಾಡುತ್ತಿದ್ದ ವ್ಯಾಪಾರದ ಅನುಭವದಿಂದ ಹುಟ್ಟಿದ ಮಾತು ಅದು. ಆದುದರಿಂದಲೇ ಅದಕ್ಕೆ ಬಲವಿದ್ದಿತು. ಐದು ವರ್ಷಗಳ ತರುವಾಯ ಅದೇ ವ್ಯಕ್ತಿ ಆಧಾರ್ ಯೋಜನೆಯ ಮುಖ್ಯಸ್ಥರಾಗಿ ದೆಹಲಿಗೆ ಹೋದಾಗ ಎದುರಾದ ಪ್ರಶ್ನೆಗಳು ಬೇರೆ ಜಾತಿಯವು. ಯಂತ್ರ ಹೇಗೆ ಕೆಲಸ ಮಾಡುವುದು, ವೆಚ್ಚವೆಷ್ಟು, ಬೆರಳಚ್ಚು ಹೊಂದದಿದ್ದರೆ ಗತಿಯೇನು ಎಂಬುವಕ್ಕೆ ಅವರು ಶಾಂತವಾಗಿ, ವಿವರವಾಗಿ ಉತ್ತರಿಸಬಲ್ಲವರಾಗಿದ್ದರು. ಇದಕ್ಕೆ ಕಾನೂನಿನ ಆಧಾರವೆಲ್ಲಿ, ಪ್ರಜೆಯ ಖಾಸಗಿತನಕ್ಕೆ ರಕ್ಷಣೆ ಯಾವುದು ಎಂಬ ಪ್ರಶ್ನೆಗೆ ಮಾತ್ರ ಸಮರ್ಪಕ ಉತ್ತರವನ್ನು ಕೊಡಬೇಕಾದದ್ದು ಸಂಸತ್ತು. 2010ರಲ್ಲಿ ಮಂಡಿತವಾದ ಮಸೂದೆಯನ್ನು ಸಂಸತ್ತಿನ ಸ್ಥಾಯೀ ಸಮಿತಿಯು ಮರುವರ್ಷ ಒಪ್ಪದಿದ್ದುದರಿಂದ, ಆ ಉತ್ತರವಿಲ್ಲದೆಯೇ ಅವರು ವರ್ಷಗಟ್ಟಲೆ ಪತ್ರಕರ್ತರ ಎದುರು ಕುಳಿತುಕೊಳ್ಳಬೇಕಾಯಿತು. 2014ರಲ್ಲಿ ದಕ್ಷಿಣ ಬೆಂಗಳೂರಿನಿಂದ ಲೋಕಸಭೆಗೆ ಸ್ಪರ್ಧಿಸಿದಾಗಲೂ ಅದೇ ಪ್ರಶ್ನೆಗಳು ಬೀದಿಗೆ ಬಂದವು. ಅನಂತಕುಮಾರ್ ಅವರು ಎರಡು ಲಕ್ಷಕ್ಕೂ ಮಿಕ್ಕ ಮತಗಳಿಂದ ಗೆದ್ದರು.

ಆ ಪ್ರಶ್ನೆಯನ್ನು ಪತ್ರಿಕೆಗಳಿಗಿಂತಲೂ ಪಟ್ಟುಹಿಡಿದು ಕೇಳಿದವರು ಮತ್ತೊಬ್ಬ ಕನ್ನಡಿಗರೆಂಬುದು ಈ ಚರಿತ್ರೆಯ ವಿಶೇಷ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಪೀಠವು ಆಧಾರ್ ಕಾನೂನನ್ನು ಬಹುಮತದಿಂದ ಎತ್ತಿಹಿಡಿದು, ಅದರ ಬಳಕೆಗೆ ಮಿತಿಗಳನ್ನು ಹಾಕಿತು. ಯೋಜನೆಯ ಶಿಲ್ಪಿಯೂ ಅದನ್ನು ಪ್ರಶ್ನಿಸಿದವರೂ ಒಂದೇ ಊರಿನಲ್ಲಿ ವಾಸವಾಗಿದ್ದವರು. ಉತ್ತರ ಕೊಡುವ ಅಧಿಕಾರ ಯಾರದೋ ಅವರಿಂದಲೇ ಉತ್ತರ ಬರಬೇಕೆಂಬ ಹಟದಿಂದ ಐದು ವರ್ಷ ಕಾದ ವೃದ್ಧರ ವಿಷಯದಲ್ಲಿ ನನಗೆ ಅಪಾರವಾದ ಗೌರವವಿದೆ.

ನಾರಾಯಣಮೂರ್ತಿಯವರ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳುವೆನು. 2007ರ ಏಪ್ರಿಲಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಮೈಸೂರಿನ ಇನ್ಫೋಸಿಸ್ ಆವರಣಕ್ಕೆ ಬಂದಾಗ ರಾಷ್ಟ್ರಗೀತೆಯನ್ನು ಹಾಡದೆ ವಾದ್ಯದಲ್ಲಿ ಮಾತ್ರ ನುಡಿಸಿದ್ದೇಕೆಂದು ಪತ್ರಕರ್ತರು ಕೇಳಿದರು. ಆವರಣದಲ್ಲಿರುವ ವಿದೇಶೀಯರಿಗೆ ಮುಜುಗರವಾಗಬಾರದೆಂಬ ಭಾವದ ಮಾತು ಮೂರ್ತಿಯವರಿಂದ ಹೊರಬಂದಿತು. ನಾಡಿನಾದ್ಯಂತ ಪ್ರತಿಭಟನೆಯೆದ್ದು, ಅವರು ಕ್ಷಮೆ ಯಾಚಿಸಿದರು. ಏರ್ಪಾಡು ಹೀಗಿತ್ತೆಂದು ಹೇಳಿ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಅಲ್ಲಿದ್ದ ವಿದೇಶೀಯರ ಭಾವನೆಯ ವಕಾಲತ್ತನ್ನು ವಹಿಸುವಂತೆ ಅವರನ್ನು ಯಾರೂ ಕೇಳಿರಲಿಲ್ಲ.

ಜೈರಾಮ್ ರಮೇಶರ ವೃತ್ತಾಂತವು ಇದಕ್ಕಿಂತ ಜಟಿಲವೂ ಹೆಚ್ಚು ಬೋಧಪ್ರದವೂ ಆದುದು. 2011ರ ಮೇ ತಿಂಗಳಲ್ಲಿ, ಅವರು ಕೇಂದ್ರದ ಪರಿಸರ ಸಚಿವರಾಗಿದ್ದಾಗ, ಜಾಮ್‌ನಗರದಲ್ಲಿ ಕಡಲ ಜೀವವೈವಿಧ್ಯದ ಸಂಶೋಧನಾ ಕೇಂದ್ರವೊಂದನ್ನು ಖಾಸಗಿ ಸಂಸ್ಥೆಯ ಸಹಯೋಗದಲ್ಲಿ ಸ್ಥಾಪಿಸುವ ವಿಷಯವು ಪತ್ರಕರ್ತರ ಮುಂದೆ ಬಂದಿತು. ಸರಕಾರವೇ ಏಕೆ ನಡೆಸಬಾರದೆಂಬ ಪ್ರಶ್ನೆಗೆ, ಸರಕಾರೀ ವ್ಯವಸ್ಥೆಯಲ್ಲಿ ತರುಣ ಪ್ರತಿಭೆಯನ್ನು ಸೆಳೆಯುವುದು ಕಷ್ಟವೆಂದು ಹೇಳಿ ನಿಲ್ಲಬಹುದಾಗಿದ್ದ ಸಚಿವರು, ಮುಂದುವರಿದು, ಐಐಟಿಗಳ ವಿದ್ಯಾರ್ಥಿಗಳು ವಿಶ್ವದರ್ಜೆಯವರೇ ಹೊರತು ಅಧ್ಯಾಪಕರಲ್ಲವೆಂದೂ, ಅಲ್ಲಿ ಹೇಳಿಕೊಳ್ಳುವಂತಹ ಸಂಶೋಧನೆ ನಡೆಯುತ್ತಿಲ್ಲವೆಂದೂ ನುಡಿದುಬಿಟ್ಟರು. ಮರುದಿನದ ಪತ್ರಿಕೆಗಳಲ್ಲಿ ಕಡಲೂ ಇರಲಿಲ್ಲ, ಜಾಮ್‌ನಗರವೂ ಇರಲಿಲ್ಲ; ಪವಾಯಿಯಿಂದ ಮದರಾಸಿನ ವರೆಗೆ ನೊಂದ ಅಧ್ಯಾಪಕರ ಪ್ರತಿಕ್ರಿಯೆಗಳಿದ್ದವು. ಅಧ್ಯಾಪಕರ ಬಡಾವಣೆಯಲ್ಲಿಯೇ ಬೆಳೆದ, ಪ್ರಾಧ್ಯಾಪಕರ ಮಗನೊಬ್ಬನು ಹೀಗೆಂದದ್ದು ಆ ನೋವನ್ನು ಹೆಚ್ಚಿಸಿದ್ದೂ ಸಹಜವೇ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ನಾರಾಯಣಮೂರ್ತಿಯವರು, ತರಬೇತಿ ತರಗತಿಗಳ ಹಾವಳಿಯಿಂದ ಐಐಟಿಗೆ ಬರುವ ವಿದ್ಯಾರ್ಥಿಗಳ ಗುಣಮಟ್ಟವೇ ಕುಸಿಯುತ್ತಿದೆಯೆಂದು ಹೇಳಿದರು. ಐದು ತಿಂಗಳ ಅವಧಿಯಲ್ಲಿ, ಕರ್ನಾಟಕದಲ್ಲಿ ಜನಿಸಿ ಐಐಟಿಯಲ್ಲಿಯೇ ಕಲಿತ ಇಬ್ಬರು ಗಣ್ಯರಲ್ಲಿ ಒಬ್ಬರು ಗುರುಗಳನ್ನೂ ಮತ್ತೊಬ್ಬರು ಶಿಷ್ಯರನ್ನೂ ತಿರಸ್ಕರಿಸಿದರೆ, ಆ ಸಂಸ್ಥೆಯಲ್ಲಿ ಉಳಿಯುವುದು ಕಟ್ಟಡಗಳು ಮಾತ್ರ. ಎರಡು ಮಾತುಗಳ ಹಿಂದೆಯೂ ಸದುದ್ದೇಶವಿದ್ದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಹಸ್ರಾರು ಜನರ ದುಡಿಮೆಯನ್ನು ಒಂದೇ ವಾಕ್ಯದಲ್ಲಿ ತೂಗುವ ಅಧಿಕಾರವನ್ನು ಸದುದ್ದೇಶವು ಕೊಡಲಾರದು.

ಇದೇ ಜೈರಾಮರು ಅದಕ್ಕೆ ಹದಿನೈದು ತಿಂಗಳು ಮೊದಲು ನಡೆದುಕೊಂಡ ಬಗೆಯನ್ನು ನೋಡಿದರೆ ಆಶ್ಚರ್ಯವಾಗುವುದು. 2009ರ ಅಕ್ಟೋಬರಿನಲ್ಲಿ ಸರಕಾರದ ತಜ್ಞ ಸಮಿತಿಯು ಬಿಟಿ ಬದನೆಯೆಂಬ ಕುಲಾಂತರಿ ಬೆಳೆಯ ಕೃಷಿಗೆ ಒಪ್ಪಿಗೆಯಿತ್ತಿತ್ತು. ಈ ಬದನೆಯನ್ನು ಸಿದ್ಧಪಡಿಸುವುದರಲ್ಲಿ ಮಹಿಕೋ ಎಂಬ ಮಹಾರಾಷ್ಟ್ರದ ಬೀಜದ ಕಂಪೆನಿಯೊಡನೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪ್ರವೃತ್ತವಾಗಿತ್ತು. ಪ್ರಯೋಗಕ್ಕೆ ತೆಗೆದುಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿಯ ಮಟ್ಟುಗುಳ್ಳವೂ ಸೇರಿದ್ದಿತು. ಸೋದೆ ಮಠದ ವಾದಿರಾಜರ ಪ್ರಸಾದವೆಂದು ಕರಾವಳಿಯ ಜನ ಭಕ್ತಿಯಿಂದ ಬೆಳೆಯುವ, ಮುಂಬಯಿಯಲ್ಲಿ ನೆಲೆಸಿದ ಉಡುಪಿ ಸೀಮೆಯವರು ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡು ಹುಳಿ ಮಾಡಿ ಉಣ್ಣುವ ಆ ಬದನೆಯ ಹೆಸರು ವಿವಾದದೊಳಗೆ ಬಂದದ್ದೇ ಕರ್ನಾಟಕದ ಪತ್ರಿಕೆಗಳಲ್ಲಿ ವಿಷಯವು ಕಾವೇರುವುದಕ್ಕೆ ಒಂದು ಕಾರಣವಾಯಿತು. ಕಂಪೆನಿಯವರೂ ವಿಜ್ಞಾನಿಗಳೂ ರೈತ ಸಂಘಗಳೂ ಪರಿಸರವಾದಿಗಳೂ ಸಚಿವರನ್ನು ಏಕಕಾಲದಲ್ಲಿ ಪ್ರಶ್ನಿಸತೊಡಗಿದರು: ತಾವು ಯಾವ ಪಕ್ಷ? ಪತ್ರಕರ್ತರ ಪ್ರಶ್ನೆಯೂ ಅದೇ.

ಸಚಿವರು ಒಡನೆ ಉತ್ತರಿಸಲಿಲ್ಲ. ಉತ್ತರಿಸುವ ದಿನವನ್ನು ಮುಂದಾಗಿ ಗೊತ್ತುಪಡಿಸಿ, 2010ರ ಜನವರಿ ಮತ್ತು ಫೆಬ್ರವರಿಗಳಲ್ಲಿ ಕಲ್ಕತ್ತೆ, ಭುವನೇಶ್ವರ, ಅಹಮದಾಬಾದು, ನಾಗಪುರ, ಚಂಡೀಗಢ, ಹೈದರಾಬಾದು, ಬೆಂಗಳೂರು ಎಂಬ ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳನ್ನು ಕರೆದರು. ಸುಮಾರು 8000 ಜನರು ಈ ಸಭೆಗಳಲ್ಲಿ ಪಾಲ್ಗೊಂಡರು. ಅವು ಸೌಮ್ಯ ಗೋಷ್ಠಿಗಳಾಗಿರಲಿಲ್ಲ. ಕೂಗಾಟ, ಘೋಷಣೆ, ಸಚಿವರ ಮುಖದೆದುರೇ ದೂಷಣೆ, ಕೆಲವೊಮ್ಮೆ ಸಚಿವರ ಸಿಟ್ಟು, ಎಲ್ಲವೂ ಟೆಲಿವಿಷನ್ ಕ್ಯಾಮೆರಾಗಳ ಎದುರಿನಲ್ಲಿಯೇ ನಡೆದವು. ಬೆಂಗಳೂರಿನ ಸಭೆಯು ಫೆಬ್ರವರಿ 6ರಂದು, ಕಡೆಯದಾಗಿ ಜರುಗಿತು. ಸಂದರ್ಶನದಲ್ಲಿ ಪತ್ರಕರ್ತನೊಬ್ಬನು ನೂರು ಜನರ ಪರವಾಗಿ ಕೇಳುವ ಪ್ರಶ್ನೆಯನ್ನು ಇಲ್ಲಿ ಆ ನೂರು ಜನರೇ ಎದ್ದು ನಿಂತು ಕೇಳಿದರು. ಬದನೆ ಬೆಳೆಯುವ ರೈತನು ಕೀಟದ ಕಷ್ಟವನ್ನು ಹೇಳಿದನು, ಜೀವವಿಜ್ಞಾನಿಯು ಪರೀಕ್ಷೆಗಳ ಕೊರತೆಯನ್ನು ಹೇಳಿದನು, ಕಂಪೆನಿಯ ಪರವಾದವರು ವರ್ಷಗಳ ಪ್ರಯೋಗದ ಫಲವನ್ನು ಮುಂದಿಟ್ಟರು. ಭಾರತದ ಸಚಿವರೊಬ್ಬರು ತಾಂತ್ರಿಕ ನಿರ್ಣಯವೊಂದಕ್ಕೆ ಮುನ್ನ ಇಷ್ಟು ಬಹಿರಂಗವಾಗಿ ಪ್ರಶ್ನೆಗೆ ಮೈಯೊಡ್ಡಿದ ಬೇರೊಂದು ನಿದರ್ಶನವನ್ನು ನಾನು ಬಲ್ಲವನಲ್ಲ.

ಫೆಬ್ರವರಿ 9ರಂದು ಪತ್ರಕರ್ತರ ಮುಂದೆ ಅವರು ಕೊಟ್ಟ ಉತ್ತರದಲ್ಲಿ ಭವಿಷ್ಯವಾಣಿಯಿರಲಿಲ್ಲ, ಶಪಥವಿರಲಿಲ್ಲ. ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲವೆಂದೂ, ರಾಜ್ಯ ಸರಕಾರಗಳು ಆತಂಕವನ್ನು ವ್ಯಕ್ತಪಡಿಸಿವೆಯೆಂದೂ, ಅವಸರಪಡಿಸುವಂತಹ ಕಾರಣ ಯಾವುದೂ ಇಲ್ಲವೆಂದೂ, ಆದಕಾರಣ ಸ್ವತಂತ್ರ ಅಧ್ಯಯನಗಳಿಂದ ಜನರಿಗೂ ವೃತ್ತಿಪರರಿಗೂ ಸಮಾಧಾನವಾಗುವ ವರೆಗೆ ಬಿಟಿ ಬದನೆಯ ಬಿಡುಗಡೆಯನ್ನು ತಡೆಹಿಡಿಯಲಾಗಿದೆಯೆಂದೂ ಅವರು ತಿಳಿಸಿದರು. ತಂತ್ರಜ್ಞಾನವು ಕೆಟ್ಟದ್ದೆಂದು ಹೇಳಲಿಲ್ಲ, ಒಳ್ಳೆಯದೆಂದೂ ಹೇಳಲಿಲ್ಲ. ವಿಜ್ಞಾನಕ್ಕೆ ಹಿನ್ನಡೆಯಾಯಿತೆಂದು ಕೆಲವರು ಕಟುವಾಗಿ ಟೀಕಿಸಿದರು. ಸರಕಾರದೊಳಗಿನಿಂದಲೂ ಆಕ್ಷೇಪಣೆ ಬಂದಿತು. ಆ ಟೀಕೆಗಳಲ್ಲಿ ಸಾರವಿಲ್ಲದಿಲ್ಲ, ನೆರೆಯ ಬಾಂಗ್ಲಾದೇಶವು 2013ರಲ್ಲಿ ಅದೇ ಬದನೆಗೆ ಅನುಮತಿ ಕೊಟ್ಟು ಬೆಳೆಯತೊಡಗಿತೆಂಬುದನ್ನೂ ಮರೆಯಲಾಗದು. ಆದರೆ ಟೀಕಿಸುವವರ ಕೈಯಲ್ಲಿದ್ದುದು ಸಚಿವರ ಒಂದು ವಾಕ್ಯ ಮಾತ್ರವಾಗಿರಲಿಲ್ಲ. ನಿರ್ಣಯಕ್ಕೆ ಕಾರಣಗಳನ್ನು ವಿವರಿಸಿದ ಹೇಳಿಕೆಯೊಡನೆ, ಏಳು ನಗರಗಳ ಸಭೆಗಳ ವರದಿಯನ್ನೂ, ಮುಖ್ಯಮಂತ್ರಿಗಳು, ವಿಜ್ಞಾನಿಗಳು, ಸಂಘಸಂಸ್ಥೆಗಳು ಪರವಾಗಿಯೂ ವಿರೋಧವಾಗಿಯೂ ಬರೆದ ಪತ್ರಗಳನ್ನೂ, ನೂರಾರು ಪುಟಗಳ ಅನುಬಂಧವಾಗಿ ಅವರು ಪ್ರಕಟಿಸಿದ್ದರು. ಯಾವ ಕಾರಣವನ್ನು ಎಲ್ಲಿಂದ ತೆಗೆದುಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ಅವರ ವಿರೋಧಿಗಳೂ ಪುಟ ತೆರೆದು ನೋಡಿ ಮುಂದಿನ ಪ್ರಶ್ನೆಯನ್ನು ಕೇಳಬಹುದಾಗಿತ್ತು.